ನಾಯಿಗಳೊಂದಿಗೆ ಹೊರಟಾಗ ಜೇಬಿನಲ್ಲಿ ಚಾಕು ಇರಬೇಕೆ?

ಏರಿಯ ನಡಿಗೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಬೆಳಿಗ್ಗೆ ನಡೆದ ಒಂದು ಸಂಗತಿಯನ್ನು ಹೇಳಿಕೊಂಡು, ತಿಳಿದವರ ಸಲಹೆ ಕೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಕರಿಯ ಎಂಬುದು ನಾಟಿ ನಾಯಿ, ಬೆಳ್ಳಿ ಎಂಬುದು ಲ್ಯಾಬ್ರಡಾರ್ ಮಿಶ್ರತಳಿ. ವಾರಕ್ಕೆ ಎರಡು ಬಾರಿ ಊರಾಚೆಯ ಕೆರೆ ಏರಿಗೆ ಕರೆದುಕೊಂಡು ಹೋಗಿ, ಜನವಾಗಲೀ ದನಕರುವಾಗಲೀ ಇಲ್ಲದ ಕಡೆ ಹಗ್ಗ ಬಿಚ್ಚಿ ಆಡಲು ಬಿಡುವುದು ವಾಡಿಕೆ. ಅಂದು ಒಂದರ ಮೇಲೊಂದು ಬಿದ್ದು ಆಡುತ್ತಿರುವಾಗ ಕರಿಯನ ಕೆಳದವಡೆ ಬೆಳ್ಳಿಯ ಕೊರಳಪಟ್ಟಿಯೊಳಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲೆಂದು ಅವನು ಮೈಯನ್ನೊಮ್ಮೆ ಹೊರಳಿಸಿದ. ಅಷ್ಟಕ್ಕೇ ಪಟ್ಟಿ ಹುರಿಗೊಂಡು ಬೆಳ್ಳಿಯ ಕುತ್ತಿಗೆಯನ್ನು ಬಿಗಿಯಿತು. ನಾನು ಓಡಿಹೋಗಿ ಪಟ್ಟಿಯ ಪ್ಲಾಸ್ಟಿಕ್ ಕ್ಲಿಪ್ಪನ್ನು ಹುಡುಕಿದರೆ, ಅದು ಕರಿಯನ ದವಡೆಯ ಕೆಳಗೆ ತಿರುಚಿಕೊಂಡಿತ್ತು. ಬೆರಳಿಗೆ ಸಿಕ್ಕ ಮೇಲೂ ಎಷ್ಟು ಒತ್ತಿದರೂ ತೆರೆದುಕೊಳ್ಳಲಿಲ್ಲ. ಒಬ್ಬನದು ನೋವಿನ ಕೂಗು, ಇನ್ನೊಂದರದು ಕೂಗಲೂ ಆಗದ ಗೊರಗೊರ ಸದ್ದು. ಬೆಳ್ಳಿಯ ನಾಲಿಗೆ ನೀಲಿಗಟ್ಟುತ್ತಿತ್ತು.

ಏರಿಯ ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಯಜಮಾನರೊಬ್ಬರು ಕೂಗು ಕೇಳಿ ಕುಡುಗೋಲಿನೊಂದಿಗೆ ಹತ್ತಿ ಬಂದರು. ನಾನು ಪಟ್ಟಿಯನ್ನು ಎಳೆದು ಹಿಡಿದೆ, ಅವರು ಕೊಯ್ದರು. ಪಟ್ಟಿ ಕಡಿಯಿತು, ನಾಯಿ ಉಳಿಯಿತು. ಆದರೆ ಕುಡುಗೋಲಿನ ತುದಿ ಬೆಳ್ಳಿಯ ಕುತ್ತಿಗೆಯ ಬದಿಯಲ್ಲಿ ಮೂರು ಬೆರಳುದ್ದ ಹರಿದಿದೆ, ಐದು ಹೊಲಿಗೆ ಬಿದ್ದಿವೆ. ಕರಿಯ ಗಾಬರಿಯಲ್ಲಿ ಯಜಮಾನರ ಹೆಬ್ಬೆರಳನ್ನು ಕಚ್ಚಿಬಿಟ್ಟ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದ್ದೇನೆ. ಮುಂದಿನ ಡೋಸುಗಳಿಗೂ ನಾನೇ ಕರೆದೊಯ್ಯುತ್ತೇನೆ.

ಈಗ ನನ್ನ ಪ್ರಶ್ನೆ. ಇಂಥ ತುರ್ತಿಗೆಂದು ಜೇಬಿನಲ್ಲಿ ಮಡಚುವ ಚಾಕುವೊಂದನ್ನು ಇಟ್ಟುಕೊಳ್ಳುವುದು ಸರಿಯೇ? ಇಟ್ಟುಕೊಳ್ಳುವುದಾದರೆ ಎಂಥದ್ದು, ಎಷ್ಟು ಉದ್ದದ್ದು? ಪೊಲೀಸರು ತಡೆದು ಕೇಳಿದರೆ ಏನು ಹೇಳಬೇಕು?

ಶಿರಾ ಬಯಲು

ಖಂಡಿತ ಇಟ್ಟುಕೊಳ್ಳಿ ಸರ್. ನನ್ನ ಬಳಿ ಮುಧೋಳ ನಾಯಿಗಳಿವೆ, ಅವುಗಳೊಂದಿಗೆ ಹೊರಟಾಗ ಸೊಂಟದಲ್ಲಿ ಒಂದು ಅಡಿಯ ಚಾಕು ಇದ್ದೇ ಇರುತ್ತದೆ. ಪಟ್ಟಿ, ಹಗ್ಗ ಕೊಯ್ಯುವುದಕ್ಕಷ್ಟೇ ಅಲ್ಲ, ಬೀದಿನಾಯಿಗಳ ಹಿಂಡು ಮೇಲೆ ಬಿದ್ದರೂ, ಚಿರತೆ ಎದುರಾದರೂ ಕೈಯಲ್ಲಿ ಏನಾದರೊಂದು ಇರಬೇಕಲ್ಲವೇ? ನಮ್ಮ ಜಿಲ್ಲೆಯಲ್ಲಿ ಚಿರತೆ ಕಾಣಿಸಿಕೊಳ್ಳುವುದು ಹೊಸ ಸುದ್ದಿಯೇನಲ್ಲ. ಸಣ್ಣ ಚಾಕು ಇಟ್ಟುಕೊಂಡು ಏನು ಪ್ರಯೋಜನ?

ಕರಿಕೋಟು, ಕೋಲಾರ

ಮೇಲಿನ ಸಲಹೆಯನ್ನು ಯಾರೂ ಪಾಲಿಸಬಾರದೆಂದು ಕೇಳಿಕೊಳ್ಳುತ್ತ, ಕಾನೂನಿನ ಭಾಗವನ್ನು ಮೊದಲು ಹೇಳಿ ಮುಗಿಸುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳ ಅನುಸೂಚಿಯಲ್ಲಿ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಕತ್ತಿ, ಕಠಾರಿ, ಭರ್ಜಿಗಳ ಸಾಲಿನಲ್ಲೇ ಆಯುಧಗಳೆಂದು ಪರಿಗಣಿಸಲಾಗಿದೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ವೈಜ್ಞಾನಿಕ ಅಥವಾ ಕೈಗಾರಿಕೆಯ ಕೆಲಸಕ್ಕೆಂದು ತಯಾರಾದವು ಇದರಿಂದ ಹೊರಗುಳಿಯುತ್ತವೆ. ಹುಲ್ಲು ಕೊಯ್ಯುವವರ ಕುಡುಗೋಲು, ಎಳನೀರು ಮಾರುವವರ ಮಚ್ಚು ಅವರವರ ಕೆಲಸದ ಸಾಧನಗಳಾಗಿರುವುದರಿಂದಲೇ ಅವುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಮೂರು ಅಂಗುಲದ ಮಡಚುವ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಒಂದು ಅಡಿಯ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಬೀದಿಯಲ್ಲಿ ನಡೆಯುವವರು ಮಾತ್ರ ಉತ್ತರ ಹೇಳಲು ಸಿದ್ಧರಾಗಿರಬೇಕಾಗುತ್ತದೆ.

ಅಳತೆಯೊಂದೇ ಸಾಲದು, ಸಮಯವನ್ನೂ ನೋಡಿಕೊಳ್ಳಬೇಕು. ಚುನಾವಣೆ, ಗಲಭೆ ಮುಂತಾದ ಸಂದರ್ಭಗಳಲ್ಲಿ ನಿಷೇಧಾಜ್ಞೆ ಹೊರಡುತ್ತದೆ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಆ ಆದೇಶಗಳಲ್ಲಿ ಸಾಮಾನ್ಯವಾಗಿ ಹರಿತವಾದ ಆಯುಧ ಹಿಡಿದು ತಿರುಗುವುದನ್ನು ನಿಷೇಧಿಸಿರುತ್ತಾರೆ. ಅಂಥ ದಿನಗಳಲ್ಲಿ ಚಾಕು ಮನೆಯಲ್ಲಿರಲಿ.

ಇನ್ನು ಬಹಳ ಜನ ಗಮನಿಸದ ಒಂದು ವಿಷಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಆಯುಧ’ ಎಂಬ ಪದಕ್ಕೆ ಬಂದೂಕು, ಬಿಲ್ಲುಬಾಣ, ಬಲೆ, ಉರುಳುಗಳ ಜೊತೆಗೆ ಚಾಕುವೂ ಸೇರಿದೆ; ಅಲ್ಲಿ ಅಂಗುಲದ ಲೆಕ್ಕವಿಲ್ಲ. ಅದೇ ಕಾಯ್ದೆಯ 31ನೇ ಸೆಕ್ಷನ್ನಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. ಅಂದರೆ ಮಧುಗಿರಿ ಕಡೆಯ ತಿಮ್ಲಾಪುರ ವನ್ಯಜೀವಿಧಾಮದೊಳಗೆ ನಾಯಿ, ಚಾಕು ಎರಡನ್ನೂ ಇಟ್ಟುಕೊಂಡು ಸಿಕ್ಕಿಬಿದ್ದರೆ, ಬೇಟೆಗೆ ಬಂದವರಲ್ಲವೆಂದು ನಂಬಿಸುವ ಹೊಣೆ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಮುಧೋಳ ನಾಯಿಯಾದರೆ ಇನ್ನೂ ಕಷ್ಟ.

ಬೀದಿನಾಯಿಯ ಮೇಲೆ ಚಾಕು ಎತ್ತುವ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ಪ್ರಾಣಿಯನ್ನು ಕೊಲ್ಲುವುದು, ಅಂಗವಿಕಲಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಶಿರಾ ಬಯಲು

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ. ಅಳತೆಯ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಚಿರತೆಯ ಬಗ್ಗೆ ಯಾರೂ ಉತ್ತರ ಹೇಳಲಿಲ್ಲ.

ಸಿದ್ಧರಬೆಟ್ಟದ ತಪ್ಪಲು, ಕೊರಟಗೆರೆ

ಚಿರತೆಯ ಮಾತಿಗೆ ನಾನು ಉತ್ತರ ಹೇಳುತ್ತೇನೆ, ಏಕೆಂದರೆ ನಮ್ಮ ತೋಟದ ಅಂಚೇ ಕುರುಚಲು ಕಾಡು. ಚಿರತೆ ನಾಯಿಯನ್ನು ಹಿಡಿಯುವುದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುವ ಕೆಲಸ. ನೀವು ಚಾಕು ಬಿಚ್ಚುವ ಹೊತ್ತಿಗೆ ಅಲ್ಲಿ ನಾಯಿಯೂ ಇರುವುದಿಲ್ಲ, ಚಿರತೆಯೂ ಇರುವುದಿಲ್ಲ. ಮುಸ್ಸಂಜೆಯ ನಂತರ ಹಾಗೂ ಬೆಳಕು ಹರಿಯುವ ಮುನ್ನ ಬೆಟ್ಟದ ಬದಿಗೆ ಹೋಗದಿರುವುದು, ನಾಯಿಯನ್ನು ಹಗ್ಗದಿಂದ ಬಿಡದಿರುವುದು, ಜೋರಾಗಿ ಮಾತನಾಡುತ್ತ ನಡೆಯುವುದು, ಇವಿಷ್ಟೇ ನಮ್ಮ ಕಡೆ ನಡೆದುಬಂದ ಎಚ್ಚರಿಕೆ.

ನಮ್ಮ ಭಾಗದಲ್ಲಿ ನಾಯಿಗಳಿಗೆ ನಿಜವಾದ ಗಂಡಾಂತರ ಉರುಳು. ಕಾಡುಹಂದಿಗೆಂದು ಬೇಲಿಯ ಕಂಡಿಗಳಲ್ಲಿ ಮೋಟಾರ್ ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಕಟ್ಟಿರುತ್ತಾರೆ. ಇದು ಕಾನೂನಿಗೆ ವಿರುದ್ಧವಾದರೂ ನಿಂತಿಲ್ಲ. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದ ಸುದ್ದಿಯನ್ನು ನೀವೆಲ್ಲ ಓದಿಯೇ ಇರುತ್ತೀರಿ. ನಾಯಿಯೂ ಅದೇ ಕಂಡಿಯಲ್ಲಿ ನುಗ್ಗುತ್ತದೆ.

ಎರಡು ವರ್ಷದ ಹಿಂದೆ ನನ್ನ ನಾಯಿಯ ಮುಂಗಾಲು ಹೀಗೆ ಸಿಕ್ಕಿಕೊಂಡಿತು. ಅಂದು ನನ್ನ ಜೇಬಿನಲ್ಲಿ ಒಳ್ಳೆಯ ಚಾಕುವೇ ಇತ್ತು. ಆ ವೈರಿನ ಮೇಲೆ ಅಲಗನ್ನು ಎಷ್ಟು ಉಜ್ಜಿದರೂ ಅದರ ಹೊಳಪು ಹೆಚ್ಚಾಯಿತೇ ಹೊರತು ಒಂದು ಎಳೆಯೂ ತುಂಡಾಗಲಿಲ್ಲ, ಅಲಗಿನ ಬಾಯಿ ಮಾತ್ರ ಮುಕ್ಕಾಯಿತು. ಕ್ಲಚ್ ವೈರೆಂದರೆ ಒಂದೇ ತಂತಿಯಲ್ಲ, ಕೂದಲಿನಂಥ ಉಕ್ಕಿನ ಎಳೆಗಳನ್ನು ಹೊಸೆದ ಹುರಿ. ಕೊನೆಗೆ ನಾಯಿ ಬಿಡುಗಡೆಯಾದದ್ದು ಕತ್ತರಿಸಿದ್ದರಿಂದಲ್ಲ. ಅದರ ಎದೆಗೆ ತೋಳು ಕೊಟ್ಟು, ಉರುಳು ಕಟ್ಟಿದ ಗೂಟದ ಕಡೆಗೇ ಅದನ್ನು ಒತ್ತಿಕೊಂಡು ಹೋದೆ. ಎಳೆತ ಸಡಿಲವಾಯಿತು. ಆಗ ಕುಣಿಕೆಯ ಕಣ್ಣಿನಲ್ಲಿ ವೈರನ್ನು ಹಿಂದಕ್ಕೆ ತಳ್ಳಿದರೆ ಬೆರಳು ತೂರುವಷ್ಟು ಜಾಗವಾಯಿತು. ನಾಯಿ ಯಾವಾಗಲೂ ಗೂಟದಿಂದ ದೂರಕ್ಕೇ ಎಳೆಯುತ್ತದೆ, ನಾವೂ ಗಾಬರಿಯಲ್ಲಿ ಅದನ್ನು ನಮ್ಮ ಕಡೆಗೇ ಎಳೆಯುತ್ತೇವೆ, ಉರುಳು ಇನ್ನಷ್ಟು ಬಿಗಿಯುತ್ತದೆ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಕಟಿಂಗ್ ಪ್ಲೇಯರ್ ಇರುತ್ತದೆ. ದವಡೆಯ ಬುಡದಲ್ಲಿ, ಅಂದರೆ ತಿರುಗುಮೊಳೆಯ ಹತ್ತಿರ ವೈರನ್ನು ಇಟ್ಟು, ಎರಡೂ ಕೈಯಿಂದ ಅದುಮಿ, ನಾಲ್ಕೈದು ಎಳೆಗಳಂತೆ ಕಡಿಯಬೇಕು. ಒಂದೇ ಏಟಿಗೆ ಆಗುವುದಿಲ್ಲ. ಯಾರದಾದರೂ ಜಮೀನಿನಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ತಂತಿ ಎಂಬುದು ಏನೇ ಕಂಡರೂ ಮುಟ್ಟುವ ಮುನ್ನ ಅದು ಎಲ್ಲಿಗೆ ಹೋಗುತ್ತದೆಂದು ಕಣ್ಣಾಡಿಸಿ. ಸೋಲಾರ್ ಬೇಲಿಯ ಹೊಡೆತ ತಡೆತಡೆದು ಬರುವಂಥದ್ದು, ನಾಯಿ ಕಿರುಚಿ ಹಿಂದಕ್ಕೆ ಹಾರಿ ಉಳಿದುಕೊಳ್ಳುತ್ತದೆ. ಕೆಲವರು ಮಾತ್ರ ಹಂದಿ ಕಾಟಕ್ಕೆ ಬೇಸತ್ತು ಪಂಪ್‌ಸೆಟ್ಟಿನ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟಿರುತ್ತಾರೆ. ಅಲ್ಲಿ ಬಿದ್ದಿರುವ ನಾಯಿಯನ್ನು ಮುಟ್ಟಿದವರೂ, ಆ ತಂತಿಗೆ ಪ್ಲೇಯರ್ ಹಾಕಿದವರೂ ಉಳಿಯುವುದಿಲ್ಲ. ಮೊದಲು ಕರೆಂಟು ತೆಗೆಸಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿವೆ, 1912ಕ್ಕೆ ಕರೆ ಮಾಡಬಹುದು.

ದ್ರಾಕ್ಷಿ ಚಪ್ಪರ, ಚಿಕ್ಕಬಳ್ಳಾಪುರ

ಕೊರಟಗೆರೆಯ ಅಣ್ಣ ಬರೆದಿರುವುದು ತಂತಿಯ ಕಥೆಯಾಯಿತು. ನಮ್ಮ ಕಡೆಯದು ಬಲೆಯ ಕಥೆ. ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಹಕ್ಕಿಗಳು ಬಾರದಂತೆ ತೋಟಕ್ಕೆ ನೈಲಾನ್ ಬಲೆ ಹೊದಿಸುತ್ತೇವೆ. ಹಂಗಾಮು ಮುಗಿದ ಮೇಲೆ ಹರಿದ ಬಲೆಯನ್ನು ಬದುವಿನಲ್ಲಿ ಮುದ್ದೆ ಮಾಡಿ ಎಸೆಯುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ, ನಾನೂ ಅದಕ್ಕೆ ಹೊರತಲ್ಲ. ಕೆರೆಯಂಚಿನ ಹಳೆಯ ಮೀನುಬಲೆಯೂ ಇದೇ ಜಾತಿಯದು. ನಾಯಿ ಅದರೊಳಗೆ ಕಾಲಿಟ್ಟು ಒದ್ದಾಡಿದರೆ, ಸುತ್ತಿಕೊಂಡ ಎಳೆಗಳು ಕೂದಲಿನಡಿ ಮಾಯವಾಗುತ್ತವೆ.

ಇಲ್ಲಿ ಚಾಕು ಕೊಯ್ಯುತ್ತದೆ, ನಿಜ. ಆದರೆ ಎಳೆಯ ಕೆಳಗೆ ಅಲಗು ತೂರಿಸಬೇಕಲ್ಲ? ಚೂಪು ತುದಿಯ ಚಾಕುವಿಗೆ ಎಳೆ ಯಾವುದು, ಚರ್ಮ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಗೊಂಚಲು ಬಿಡಿಸುವ ಸಣ್ಣ ಕತ್ತರಿಯಿಂದ ನಾನು ಒಂದೊಂದೇ ಎಳೆಯನ್ನು ಕತ್ತರಿಸಿ ಬಿಡಿಸಿದ್ದೇನೆ. ಅರ್ಧ ಗಂಟೆ ಹಿಡಿಯಿತು, ಆದರೆ ಒಂದು ಹನಿ ರಕ್ತ ಬರಲಿಲ್ಲ. ಅಷ್ಟು ಹೊತ್ತೂ ನನ್ನಾಕೆ ನಾಯಿಯ ಕಣ್ಣಿನ ಮೇಲೆ ಟವೆಲ್ ಹೊದಿಸಿ ತಲೆಯನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ಕತ್ತಲಾದ ಮೇಲೆ ಕೋಳಿ ಹೇಗೆ ಸುಮ್ಮನಾಗುತ್ತದೆಯೋ, ನಾಯಿಯೂ ಬಹುಮಟ್ಟಿಗೆ ಹಾಗೆಯೇ.

ಪಶುವೈದ್ಯೆ, ತಿಪಟೂರು

ಈ ಚರ್ಚೆಯನ್ನು ಸಂಜೆಯಿಂದ ಓದುತ್ತಿದ್ದೇನೆ. ಚಾಕು ಬೇಕೋ ಬೇಡವೋ ಎನ್ನುವುದಕ್ಕಿಂತ ಅದನ್ನು ಬಳಸುವ ಮುನ್ನ ಏನು ಮಾಡಬೇಕೆಂಬುದನ್ನು ಬರೆಯುವುದು ಹೆಚ್ಚು ಉಪಯುಕ್ತವೆಂದು ತೋರಿತು.

ದವಡೆ ಪಟ್ಟಿಯಲ್ಲಿ ಸಿಕ್ಕಿಕೊಂಡಾಗ ಎರಡೂ ನಾಯಿಗಳನ್ನು ಬೇರ್ಪಡಿಸಲು ಎಳೆಯುವುದು ಸಹಜ, ಆದರೆ ಅದೇ ತಪ್ಪು. ಅವುಗಳ ಮೈಗಳನ್ನು ಒಂದಕ್ಕೊಂದು ಒತ್ತಿಹಿಡಿಯಬೇಕು. ಪಟ್ಟಿ ಹುರಿಗೊಂಡಿದ್ದರೆ, ಯಾವ ನಾಯಿ ಹೊರಳಿತೋ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಳಿಸಬೇಕು. ಸೊಂಟದ ಬಳಿ ಎತ್ತಿ ತಿರುಗಿಸಿದರೆ ಅನೇಕ ಬಾರಿ ಅಷ್ಟರಿಂದಲೇ ಬಿಗಿ ಬಿಟ್ಟು ಕ್ಲಿಪ್ ತೆರೆದುಕೊಳ್ಳುತ್ತದೆ. ಒತ್ತಿ ತೆರೆಯುವ ಕ್ಲಿಪ್ಪುಗಳು ಎಳೆತದಲ್ಲಿರುವಾಗ ತೆರೆಯದಿರುವುದು ಅವುಗಳ ಸ್ವಭಾವವೇ ಆಗಿದೆ. ಅವರದು ಕಳಪೆ ಕ್ಲಿಪ್ ಎಂದು ಯಾರೂ ಭಾವಿಸಬೇಕಾಗಿಲ್ಲ. ಹಾಗೂ ಆಗಲಿಲ್ಲವೆಂದರೆ ಕತ್ತರಿಸಬೇಕು.

ಎಲ್ಲಿ ಕತ್ತರಿಸಬೇಕು? ಕುತ್ತಿಗೆಯ ಬದಿಗಳಲ್ಲಂತೂ ಬೇಡವೇ ಬೇಡ. ನಾವು ರಕ್ತ ತೆಗೆಯುವ ದೊಡ್ಡ ರಕ್ತನಾಳ ಎರಡೂ ಬದಿಗಳಲ್ಲಿ ಚರ್ಮದ ಕೆಳಗೇ ಹರಿಯುತ್ತದೆ, ಮುಂಭಾಗದಲ್ಲಿ ಶ್ವಾಸನಾಳವಿದೆ. ಹಿಂಗತ್ತಿನ ಮೇಲೆ ಮಾತ್ರ ಸ್ನಾಯು ದಪ್ಪ, ಚರ್ಮ ಸಡಿಲ. ಅಲ್ಲಿ ಎಡಗೈಯ ಎರಡು ಬೆರಳನ್ನು ಪಟ್ಟಿಯೊಳಗೆ ತೂರಿಸಿ, ಅಲಗಿನ ಬೆನ್ನು ನಾಯಿಯ ಕಡೆಗೂ ಬಾಯಿ ಆಕಾಶದ ಕಡೆಗೂ ಇರುವಂತೆ ಹಿಡಿದು, ಒಳಗಿನಿಂದ ಹೊರಕ್ಕೆ ಕೊಯ್ಯಬೇಕು. ಯಜಮಾನರ ಕುಡುಗೋಲು ಮಾಡಿದ ಗಾಯ ಅರ್ಧ ಅಂಗುಲ ಆಳವಾಗಿದ್ದರೆ ಈ ಚರ್ಚೆಯೇ ಬೇರೆಯಾಗಿರುತ್ತಿತ್ತು. ಅವರನ್ನು ದೂರುತ್ತಿಲ್ಲ, ಅವರು ಬಾರದಿದ್ದರೆ ನಾಯಿ ಉಳಿಯುತ್ತಿರಲಿಲ್ಲ.

ಪಟ್ಟಿ ತೆಗೆದ ಮೇಲೂ ನಾಯಿ ಉಸಿರಾಡದಿದ್ದರೆ, ನಾಲಿಗೆಯನ್ನು ಮುಂದಕ್ಕೆ ಎಳೆದು, ಬಾಯಿ ಮುಚ್ಚಿ, ಮೂಗಿನ ಮೂಲಕ ಎರಡು ಬಾರಿ ಗಾಳಿ ಊದಿ, ಎದೆಯನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಒತ್ತಿಗೆ 2 ಉಸಿರು. ಚೇತರಿಸಿಕೊಂಡು ಎದ್ದು ಬಾಲ ಆಡಿಸಿದರೂ ಅಂದೇ ವೈದ್ಯರಿಗೆ ತೋರಿಸಿ. ಕುತ್ತಿಗೆ ಬಿಗಿದ ನಾಯಿಗೆ ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮಲಗಿದ್ದಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ತಡಮಾಡಬೇಡಿ. ಉರುಳಿಗೆ ಸಿಕ್ಕ ಕಾಲಿನದೂ ಹೀಗೆಯೇ; ಮೊದಲ ದಿನ ಬರೀ ಗೆರೆಯಂತೆ ಕಂಡದ್ದು ನಾಲ್ಕನೆಯ ದಿನಕ್ಕೆ ಕೊಳೆಯಲು ಶುರುವಾಗುವುದನ್ನು ನೋಡಿದ್ದೇನೆ.

ಇನ್ನು, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕರಿಯನದು ಕೆಟ್ಟ ಬುದ್ಧಿಯಲ್ಲ. ಚಿಕ್ಕಬಳ್ಳಾಪುರದವರು ಹೇಳಿದ ಟವೆಲ್ ಉಪಾಯವನ್ನು ನಾನು ಆಸ್ಪತ್ರೆಯಲ್ಲಿ ದಿನವೂ ಬಳಸುತ್ತೇನೆ. ಕಚ್ಚಿಸಿಕೊಂಡವರು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು 15 ನಿಮಿಷ, ಏಕೆಂದರೆ ಬಹಳ ಜನ ಎರಡೇ ನಿಮಿಷಕ್ಕೆ ಮುಗಿಸುತ್ತಾರೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ, ರೇಬಿಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕಾಗುತ್ತದೆಯೆಂಬುದನ್ನು ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಳ್ಳಿ, ನಾಯಿಗೆ ಲಸಿಕೆಯಾಗಿರುವ ಪುಸ್ತಕವನ್ನೂ ತೋರಿಸಿ.

ಕ್ಯಾತ್ಸಂದ್ರದ ನಾಲ್ಕು ಬಾಲಗಳು

ಡಾಕ್ಟರ್ ಮೇಡಂ, ಒಂದು ಸಂದೇಹ. ನಮ್ಮ ತಂದೆಯವರ ಕಾಲದಿಂದಲೂ ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ದು ರಕ್ತ ಹರಿಸಬೇಕೆಂದು ಕೇಳಿದ್ದೇನೆ. ನಾಯಿಯ ವಿಷಯದಲ್ಲಿ ಅದಕ್ಕೂ ಚಾಕು ಬೇಕಾಗುತ್ತದೆಯೇ? ಹಾಗೆಯೇ ನೆಟ್ಟ ಮುಳ್ಳು, ಕಚ್ಚಿಕೊಂಡ ಉಣ್ಣೆ ತೆಗೆಯಲು?

ಪಶುವೈದ್ಯೆ, ತಿಪಟೂರು

ಮೂರಕ್ಕೂ ಬೇಡ.

ಹಾವಿನ ಕಡಿತವನ್ನು ಕೊಯ್ದರೆ ವಿಷ ಹೊರಬರುವುದಿಲ್ಲ, ಗಾಯ ಮಾತ್ರ ದೊಡ್ಡದಾಗುತ್ತದೆ. ಅದರಲ್ಲೂ ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ. ಅಂಥ ನಾಯಿಯ ಮೈಯಲ್ಲಿ ನೀವು ಮಾಡಿದ ಕೊಯ್ತದಿಂದ ಸೋರುವ ರಕ್ತವನ್ನು ನಿಲ್ಲಿಸುವುದೇ ನಮಗೆ ದೊಡ್ಡ ಕೆಲಸವಾಗುತ್ತದೆ. ಹಗ್ಗ ಬಿಗಿದು ಕಟ್ಟುವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಬನ್ನಿ. ಮನುಷ್ಯರಿಗೆ ಕೊಡುವ ವಿಷನಿರೋಧಕವೇ ನಾಯಿಗೂ ಕೆಲಸ ಮಾಡುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಅದು ಒಂದೇ. ನಾಯಿ ಚಿಕ್ಕದೆಂದು ಔಷಧ ಕಡಿಮೆ ಸಾಕೆಂದುಕೊಳ್ಳಬೇಡಿ, ಒಳಗೆ ಹೋದ ವಿಷದ ಲೆಕ್ಕವೇ ಮುಖ್ಯ.

ಜಾಲಿ ಮುಳ್ಳಿಗೂ ಉಣ್ಣೆಗೂ ಚಿಮುಟ ಸಾಕು. ಉಣ್ಣೆಯನ್ನು ಚರ್ಮದ ಮಟ್ಟದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಚಾಕುವಿನಿಂದ ಕೆರೆದರೆ ಅದರ ಬಾಯಿ ಒಳಗೇ ಉಳಿಯುತ್ತದೆ.

ಶಿರಾ ಬಯಲು

ಹೊಟ್ಟೆ ಉಬ್ಬಿದ ಹಸುವಿಗೆ ಪಕ್ಕೆಯ ಹಿಂದೆ ಚುಚ್ಚಿ ಗಾಳಿ ತೆಗೆಯುವುದನ್ನು ಕಂಡಿದ್ದೇನೆ. ದೊಡ್ಡ ನಾಯಿಗಳಿಗೂ ಹೊಟ್ಟೆ ಉಬ್ಬುತ್ತದೆಯಲ್ಲ, ಅಂಥ ಸಂದರ್ಭದಲ್ಲಾದರೂ...

ಪಶುವೈದ್ಯೆ, ತಿಪಟೂರು

ದಯವಿಟ್ಟು ಬೇಡ ಸರ್. ಹಸುವಿನಲ್ಲಿ ಅದನ್ನು ಮಾಡುವುದು ಎಡಪಕ್ಕೆಯಲ್ಲಿ, ಅದಕ್ಕೆಂದೇ ಇರುವ ಟ್ರೋಕಾರ್ ಎಂಬ ಸಾಧನದಿಂದ, ಕಲಿತವರು. ನಾಯಿಯಲ್ಲಿ ಹೊಟ್ಟೆ ಉಬ್ಬುವುದರ ಜೊತೆಗೆ ಜಠರವೇ ತಿರುಚಿಕೊಂಡಿರುವುದುಂಟು, ಗುಲ್ಮವೂ ಸರಿದು ಎದುರಿಗೆ ಬಂದಿರುವುದುಂಟು. ನಿಮ್ಮ ಚಾಕು ಯಾವುದಕ್ಕೆ ತಗಲುತ್ತದೆಂದು ನನಗೂ ಹೇಳಲಾಗದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಆಗಬೇಕು.

ಕ್ಯಾತ್ಸಂದ್ರದ ನಾಲ್ಕು ಬಾಲಗಳು

ಇಲ್ಲಿಯವರೆಗಿನದನ್ನು ಓದಿದ ಮೇಲೆ ನನಗನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ತಂತಿಗೆ ಚಾಕು ನಡೆಯುವುದಿಲ್ಲ, ಬಲೆಗೆ ಕತ್ತರಿಯೇ ಮೇಲು, ಹಾವು, ಮುಳ್ಳು, ಉಣ್ಣೆಗಳಿಗೆ ಬೇಡವೇ ಬೇಡ. ಉಳಿದದ್ದು ಪಟ್ಟಿ ಮತ್ತು ಹಗ್ಗ. ಅದಕ್ಕೂ ಚಾಕುವಿಗಿಂತ ಬ್ಯಾಂಡೇಜ್ ಕತ್ತರಿ ಒಳ್ಳೆಯದು. ನಾನು ವರ್ಷಗಳಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ಅದರ ಕೆಳಗಿನ ಅಲಗಿನ ತುದಿ ಗುಂಡಿಯಂತೆ ಚಪ್ಪಟೆಯಾಗಿರುವುದರಿಂದ ಚರ್ಮದ ಮೇಲೆ ಜಾರುತ್ತದೆಯೇ ಹೊರತು ಚುಚ್ಚುವುದಿಲ್ಲ. ಔಷಧದ ಅಂಗಡಿಯಲ್ಲಿ ಸಿಗುತ್ತದೆ. ನಾಯಿ ಒದ್ದಾಡುತ್ತಿರುವಾಗ ಮಕ್ಕಳ ಕೈಗೂ ಅದನ್ನು ಧೈರ್ಯವಾಗಿ ಕೊಡಬಹುದು. ತೆರೆದ ಚಾಕುವನ್ನು ಕೊಡಲಾದೀತೇ?

ಇದಕ್ಕಿಂತ ಮುಖ್ಯವಾದದ್ದು, ಎರಡು ನಾಯಿಗಳನ್ನು ಆಡಲು ಬಿಡುವಾಗ ಕೊರಳಪಟ್ಟಿಯನ್ನು ಬಿಚ್ಚಿಬಿಡುವುದು. ಇಲ್ಲಿ ಯಾರೂ ಇದನ್ನು ಹೇಳಲಿಲ್ಲವೆಂಬುದು ನನಗೆ ಆಶ್ಚರ್ಯ. ಮತ್ತೆ, ಸರಪಳಿ ಹಾಕಿಕೊಂಡು ಹೋಗುವವರು ಒಮ್ಮೆ ಯೋಚಿಸಿ. ಅದನ್ನು ಚಾಕು, ಕತ್ತರಿ ಎರಡೂ ಕತ್ತರಿಸಲಾರವು.

ಸಿದ್ಧರಬೆಟ್ಟದ ತಪ್ಪಲು, ಕೊರಟಗೆರೆ

ಅಮ್ಮಾ, ಪಟ್ಟಿ ಬಿಚ್ಚುವ ಮಾತು ಒಪ್ಪಿದೆ. ಆದರೆ ದನ ಕಟ್ಟುವ ಹೆಬ್ಬೆರಳು ಗಾತ್ರದ ಹಗ್ಗಕ್ಕೆ ನಿಮ್ಮ ಕತ್ತರಿಯ ಬಾಯಿಯೇ ಹಿಡಿಸುವುದಿಲ್ಲ. ಅಲ್ಲಿ ಗರಗಸದಂಥ ಹಲ್ಲಿರುವ ಚಾಕುವೇ ಬೇಕು. ನುಣುಪಾದ ಅಲಗು ಪ್ಲಾಸ್ಟಿಕ್ ಹಗ್ಗದ ಮೇಲೆ ಜಾರುತ್ತದೆ, ಹಲ್ಲಿನದು ಕಚ್ಚಿ ಕೊಯ್ಯುತ್ತದೆ. ಚಾಕು ಕೊಳ್ಳುವವರು ತೆರೆದ ಮೇಲೆ ಲಾಕ್ ಆಗುವಂಥದ್ದನ್ನೇ ಕೊಳ್ಳಿ. ಲಾಕ್ ಇಲ್ಲದ್ದು ಎಳೆತದಲ್ಲಿ ಮಡಚಿಕೊಂಡು ನಮ್ಮ ಬೆರಳಿಗೇ ಬರುತ್ತದೆ. ನನ್ನ ತೋರುಬೆರಳಿನ ಗೆರೆ ಅದರ ಗುರುತು.

ಕರಿಕೋಟು, ಕೋಲಾರ

ಗುಂಡಿ ಒತ್ತಿದೊಡನೆ ಸ್ಪ್ರಿಂಗಿನಿಂದ ಚಿಮ್ಮಿ ತೆರೆಯುವ ಚಾಕು ಮಾತ್ರ ಬೇಡ. ನಾಯಿಯ ಹಗ್ಗ ಕೊಯ್ಯಲೆಂದು ಅದನ್ನು ಇಟ್ಟುಕೊಂಡಿದ್ದೆನೆಂದರೆ ಠಾಣೆಯಲ್ಲಿ ಯಾರೂ ನಗದೆ ಕೇಳಲಾರರು. ಮೊಂಡು ತುದಿಯ, ಹಳದಿಯೋ ಕಿತ್ತಳೆಯೋ ಬಣ್ಣದ ಹಿಡಿಯ ಚಾಕು ನೋಡುವುದಕ್ಕೂ ಉಪಕರಣದಂತೆ ಕಾಣುತ್ತದೆ, ಹುಲ್ಲಿನಲ್ಲಿ ಬಿದ್ದರೆ ಹುಡುಕುವುದಕ್ಕೂ ಸಲೀಸು. ಊರಿಂದೂರಿಗೆ ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಮರೆತು ಬಿಡಬೇಡಿ. ನಾನೇ ಒಂದನ್ನು ಹಾಗೆ ಕಳೆದುಕೊಂಡಿದ್ದೇನೆ.

ಏರಿಯ ನಡಿಗೆ, ತುಮಕೂರು

ಇಷ್ಟು ಜನ ಇಷ್ಟು ವಿವರವಾಗಿ ಬರೆದದ್ದಕ್ಕೆ ಋಣಿಯಾಗಿದ್ದೇನೆ. ಕತ್ತರಿಯೋ ಚಾಕುವೋ ಎಂಬುದು ಇತ್ಯರ್ಥವಾಗದ ಕಾರಣ ಇವತ್ತು ಮಧ್ಯಾಹ್ನ ಮನೆಯಂಗಳದಲ್ಲಿ ಒಂದು ಪರೀಕ್ಷೆ ಮಾಡಿದೆ. ತುಮಕೂರಿನವರಿಗೆ ತೆಂಗಿನಕಾಯಿಗೇನು ಬರ? ಸಿಪ್ಪೆ ಸುಲಿಯದ ಮೂರು ಹಸಿಕಾಯಿಗಳಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಬೆಳ್ಳಿಯ ಹಳೆಯ ಪಟ್ಟಿಗಳನ್ನು ಬಿಗಿದೆ. ಒಂದು ಬೆರಳು ಮಾತ್ರ ಕಷ್ಟದಲ್ಲಿ ತೂರುವಷ್ಟು ಬಿಗಿ. ಮಗಳಿಗೆ ಕಾಯಿಯನ್ನು ಅತ್ತಿತ್ತ ಅಲುಗಾಡಿಸುತ್ತಿರಲು ಹೇಳಿದೆ, ನಾಯಿ ಸುಮ್ಮನಿರುವುದಿಲ್ಲವಲ್ಲ.

ಅಡುಗೆಮನೆಯ ಚೂಪು ಚಾಕುವಿನಿಂದ ಪಟ್ಟಿ ಕಡಿಯಿತು, ಆದರೆ ಬಟ್ಟೆ ಬಿಚ್ಚಿ ನೋಡಿದರೆ ಹಸಿರು ಸಿಪ್ಪೆಯ ಮೇಲೆ ಏಳು ಗೀರುಗಳಿದ್ದವು, ಒಂದು ನಾರಿನವರೆಗೂ ಇಳಿದಿತ್ತು. ಹಲ್ಲಿರುವ ಮೊಂಡು ತುದಿಯ ಮಡಚುವ ಚಾಕುವನ್ನು ನೆರೆಯವರಿಂದ ಪಡೆದಿದ್ದೆ. ಡಾಕ್ಟರ್ ಮೇಡಂ ಹೇಳಿದಂತೆ ಬಾಯಿ ಮೇಲಕ್ಕೆ ಮಾಡಿ ಎಳೆದಾಗ ಆರೇಳು ಎಳೆತಕ್ಕೆ ಪಟ್ಟಿ ಬಿಟ್ಟಿತು, ಸಿಪ್ಪೆಯ ಮೇಲೆ ಒಂದು ಉಜ್ಜಿದ ಗುರುತು ಮಾತ್ರ. ಬ್ಯಾಂಡೇಜ್ ಕತ್ತರಿಗೆ ಮೂರು ಕಚ್ಚು ಸಾಕಾಯಿತು, ಗುರುತೇ ಇಲ್ಲ. ಆದರೆ ಬೆಳ್ಳಿಯ ಹಳೆಯ ಚರ್ಮದ ಪಟ್ಟಿಗೆ ಹಾಕಿದಾಗ ಕತ್ತರಿ ಅರ್ಧದಲ್ಲೇ ಸಿಕ್ಕಿಕೊಂಡಿತು, ಅದನ್ನು ಹಲ್ಲಿನ ಚಾಕುವೇ ಮುಗಿಸಬೇಕಾಯಿತು. ಹಾಗಾಗಿ ಕೊರಟಗೆರೆಯ ಅಣ್ಣನವರ ಮಾತೂ ಕ್ಯಾತ್ಸಂದ್ರದ ಮೇಡಂ ಮಾತೂ ಎರಡೂ ನಿಜವೆಂದಾಯಿತು.

ಇನ್ನೊಂದು ಸಂಗತಿ ನಾನು ನಿರೀಕ್ಷಿಸಿರಲಿಲ್ಲ. ಮೊದಲ ಸಲ ಕತ್ತರಿಯನ್ನು ಬೆನ್ನಚೀಲದಲ್ಲಿ ಇಟ್ಟುಕೊಂಡಿದ್ದೆ. ಎಡಗೈಯಲ್ಲಿ ಕಾಯಿಯ ಪಟ್ಟಿ ಹಿಡಿದುಕೊಂಡು ಬಲಗೈಯೊಂದರಲ್ಲೇ ಚೀಲದ ಜಿಪ್ ಎಳೆಯಲು ಹೋದರೆ ಚೀಲವೇ ಸುತ್ತ ತಿರುಗುತ್ತಿತ್ತು. ಮಗಳು ಗಡಿಯಾರ ನೋಡುತ್ತಿದ್ದಳು. ಕತ್ತರಿ ಕೈಗೆ ಬರುವಷ್ಟರಲ್ಲಿ 50 ಸೆಕೆಂಡುಗಳಾಗಿದ್ದವು. ನಂತರ ಅದನ್ನು ಸೊಂಟದ ಬೆಲ್ಟಿಗೆ ದಾರ ಕಟ್ಟಿ ಇಳಿಬಿಟ್ಟಾಗ ನಾಲ್ಕು ಸೆಕೆಂಡು ಸಾಕಾಯಿತು.

ಸದ್ಯಕ್ಕೆ ಸೊಂಟದಲ್ಲಿ ಕತ್ತರಿ, ಜೇಬಿನಲ್ಲಿ ಮೂರು ಅಂಗುಲದ ಹಲ್ಲಿನ ಚಾಕು, ಚೀಲದಲ್ಲಿ ಪ್ಲೇಯರ್ ಮತ್ತು ಒಂದು ಟವೆಲ್ ಎಂದು ಗೊತ್ತುಮಾಡಿಕೊಂಡಿದ್ದೇನೆ. ಚರ್ಮದ ಪಟ್ಟಿಯನ್ನು ಎತ್ತಿಟ್ಟಾಯಿತು. ಏರಿಯ ಮೇಲೆ ಆಡಲು ಬಿಡುವಾಗ ಎರಡರ ಕೊರಳೂ ಬರಿದಾಗಿರುತ್ತದೆ.

ಪಶುವೈದ್ಯೆ, ತಿಪಟೂರು

ತೆಂಗಿನಕಾಯಿಯ ಪರೀಕ್ಷೆ ಬಹಳ ಚೆನ್ನಾಗಿದೆ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಿಗೂ ಇದನ್ನೇ ಮಾಡಿಸಬಹುದೆನಿಸಿತು. ಬೆಳ್ಳಿಯ ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ ಆಗಲಿ. ಅಲ್ಲಿಯವರೆಗೆ ಕೊರಳಿಗೆ ಏನನ್ನೂ ಕಟ್ಟದೆ, ಎದೆಗೆ ಹಾಕುವ ಹಾರ್ನೆಸ್‌ನಲ್ಲೇ ನಡೆಸಿ. ಗಾಯವನ್ನು ಕರಿಯ ನೆಕ್ಕದಂತೆ ನೋಡಿಕೊಳ್ಳಿ.

ಏರಿಯ ನಡಿಗೆ, ತುಮಕೂರು

ಆಗಲಿ ಮೇಡಂ. ಕರಿಯ ಈಗಾಗಲೇ ಎರಡು ಬಾರಿ ನೆಕ್ಕಲು ಹೋಗಿ ಬೈಸಿಕೊಂಡಿದ್ದಾನೆ. ನಾಳೆ ಯಜಮಾನರ ಮುಂದಿನ ಡೋಸು. ಅವರ ಕುಡುಗೋಲಿಗೆ ಸಾಣೆ ಹಿಡಿಸಿಕೊಡುತ್ತೇನೆಂದು ಹೇಳಿದ್ದಕ್ಕೆ, ‘ಬೇಡ ಸ್ವಾಮಿ, ಅದು ಹರಿತವಾಗೇ ಐತೆ, ನೀವೇ ನೋಡಿದ್ರಲ್ಲ’ ಎಂದರು.